ಹನ್ನೆರಡು ಅಡಿ ಚಿತ್ರಕ್ಕೆ ಎಷ್ಟು ದಪ್ಪ ಕುಂಚ?

ಬೀದರಿನ ಮಹಮೂದ್ ಗವಾನ್ ಮದರಸಾದ ಫೋಟೋ. 12 ಅಡಿ ಅಗಲ, 6 ಅಡಿ ಎತ್ತರದ ಫ್ಲೆಕ್ಸ್. ಆಯಿಲ್ ಪೇಂಟಿಂಗ್ ಥರ ಕಾಣಬೇಕು ಎಂದು ಗಿರಾಕಿ ಹೇಳಿ ಹೋಗಿದ್ದರು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಪ್ರಿಂಟಿಂಗ್ ಅಂಗಡಿಯ ಹುಡುಗ, ಫೋಟೋವನ್ನು ಪೇಂಟಿಂಗ್ ಥರ ಮಾಡುವ ಫಿಲ್ಟರಿನ ಎಲ್ಲ ಗುಂಡಿಗಳನ್ನೂ ಕೊನೆಯ ತನಕ ಎಳೆದು, ರಾತ್ರಿಯಿಡೀ ಕಂಪ್ಯೂಟರ್ ಓಡಲು ಬಿಟ್ಟು, ಬೆಳಿಗ್ಗೆ ಪ್ರಿಂಟ್ ಹೊಡೆದ. ಗೋಡೆಗೆ ಕಟ್ಟಿದ ಮೇಲೆ ಗಿರಾಕಿ ಬಂದು ನೋಡಿದವರೇ, "ಇದ್ರಾಗ ಪೇಂಟಿಂಗ್ ಎಲ್ಲದರಿ? ಫೋಟೋನೇ ಅದ, ಅದೂ ಮಬ್ಬಾಗ್ಯದ" ಅಂದರು. ಅವರು ಹೇಳಿದ್ದು ಸರಿಯೇ ಇತ್ತು. ಜಾತ್ರೆ, ಮದುವೆ ಸೀಸನ್ ಬಂತೆಂದರೆ ಇಂಥ ಫ್ಲೆಕ್ಸು ಮೂರು ನಾಲ್ಕಾದರೂ ನನ್ನ ಕಣ್ಣಿಗೆ ಬೀಳುತ್ತವೆ.

ಫಿಲ್ಟರಿಗೆ ಅಡಿ, ಇಂಚು ತಿಳಿಯದು. ಅದು ಎಣಿಸುವುದು ಪಿಕ್ಸೆಲ್ ಮಾತ್ರ. ಆ ಮದರಸಾ ಚಿತ್ರ ಹಲವು ಫೋಟೋಗಳನ್ನು ಜೋಡಿಸಿ ಮಾಡಿದ್ದು, 18,000 × 9,000 ಪಿಕ್ಸೆಲ್. ಅದನ್ನು 12 ಅಡಿಗೆ, ಅಂದರೆ 144 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 125 ಪಿಕ್ಸೆಲ್ ಬಂತು. 10 ಪಿಕ್ಸೆಲ್ ಅಗಲದ ಕುಂಚದ ಗೀಟು ಫ್ಲೆಕ್ಸಿನ ಮೇಲೆ ಬರೀ 2 ಮಿಲಿಮೀಟರ್. 20 ಅಡಿ ದೂರದಿಂದ ನೋಡಿದರೆ ಒಳ್ಳೆಯ ಕಣ್ಣಿಗೂ ಬಿಡಿಸಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಗಾತ್ರದ ಗುರುತು. ಹುಡುಗ 2 ಮಿಲಿಮೀಟರ್ ಕುಂಚ ಹಿಡಿದು 12 ಅಡಿ ಗೋಡೆ ಬಳಿದಂತಾಗಿತ್ತು. ಗೀಟುಗಳೆಲ್ಲ ಕಲೆಸಿ, ಉಳಿದದ್ದು ಮಬ್ಬು.

ಆದ್ದರಿಂದ ಫಿಲ್ಟರ್ ಮೆನು ತೆರೆಯುವ ಮೊದಲು ಚಿತ್ರ ಎಲ್ಲಿ ತೂಗುತ್ತದೆ, ಜನ ಎಷ್ಟು ದೂರದಿಂದ ನೋಡುತ್ತಾರೆ ಅಂತ ಕೇಳಿಕೊಳ್ಳಿ. ರಸ್ತೆಬದಿಯ ಫ್ಲೆಕ್ಸಿಗೆ 50 ಡಿಪಿಐ, ಅಂದರೆ ಇಂಚಿಗೆ 50 ಪಿಕ್ಸೆಲ್, ಧಾರಾಳ ಸಾಕು. 12 × 6 ಅಡಿಗೆ 7,200 × 3,600 ಪಿಕ್ಸೆಲ್ ಆಯಿತು. 300 ಡಿಪಿಐ ಬೇಕೇ ಬೇಕು ಎನ್ನುವವರು ಪಾಸ್‌ಪೋರ್ಟ್ ಫೋಟೋದ ಲೆಕ್ಕವನ್ನು ಫ್ಲೆಕ್ಸಿಗೆ ತಂದಿರುತ್ತಾರೆ, ಅವರ ಮಾತಿಗೆ ತಲೆಯಾಡಿಸಿ ನಿಮ್ಮ ಕೆಲಸ ಮುಂದುವರಿಸಿ.

ಕೆಲಸ ಕೆಡುವುದು ಇದರ ನಂತರದ ಹೆಜ್ಜೆಯಲ್ಲಿ. 7,200ಕ್ಕೆ ಇಳಿಸಿದ ಮೇಲೂ 10 ಪಿಕ್ಸೆಲ್ ಗೀಟು 5 ಮಿಲಿಮೀಟರ್ ಮಾತ್ರ, ರಸ್ತೆಯಾಚೆಯಿಂದ ಅದು ಸಪ್ಪೆ. ಗುಂಡಿಯನ್ನು ಇನ್ನಷ್ಟು ಎಳೆಯೋಣವೆಂದರೆ ಬಹಳ ಫಿಲ್ಟರುಗಳ ಕುಂಚ 10ಕ್ಕೇ ನಿಂತುಬಿಡುತ್ತದೆ. ಗಿಂಪ್‌ನಂಥ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಕುಂಚಕ್ಕೆ ದೊಡ್ಡ ತ್ರಿಜ್ಯ ಕೊಡಬಹುದು, ಆದರೆ ತ್ರಿಜ್ಯ ದುಪ್ಪಟ್ಟಾದರೆ ಪ್ರತಿ ಪಿಕ್ಸೆಲ್ಲಿಗೂ ನೋಡಬೇಕಾದ ಅಕ್ಕಪಕ್ಕದ ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗುತ್ತವೆ. ಮಶೀನು ಏದುಸಿರು ಬಿಡುವುದು ಅದಕ್ಕೇ. ನಾನು ಮಾಡುವುದು ಹೀಗೆ: ಚಿತ್ರದ ಒಂದು ಪ್ರತಿಯನ್ನು 3,600 × 1,800ಕ್ಕೆ ಇಳಿಸಿ, ಅದಕ್ಕೆ ಫಿಲ್ಟರ್ ಹಾಕಿ, ಆಮೇಲೆ ಎರಡು ಪಟ್ಟು ಹಿಗ್ಗಿಸುತ್ತೇನೆ. ಅದೇ 10 ಪಿಕ್ಸೆಲ್ ಗೀಟು ಈಗ ಫ್ಲೆಕ್ಸಿನ ಮೇಲೆ ಒಂದು ಸೆಂಟಿಮೀಟರ್. ಚಿತ್ರ ಚಿಕ್ಕದಾದ್ದರಿಂದ ಕೆಲಸ ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ಹಿಗ್ಗಿಸಿದರೆ ಚಿತ್ರ ಒಡೆಯುತ್ತದೆ ಎಂಬ ಭಯ ಫೋಟೋಗೆ ಸರಿ. ಬಣ್ಣದ ಗೀಟುಗಳಲ್ಲಿ ಒಡೆಯುವಂಥ ನವಿರು ವಿವರವೇ ಇರುವುದಿಲ್ಲ. ಅಂಚು ತೀರಾ ಮೆತ್ತಗಾಯಿತು ಅನ್ನಿಸಿದರೆ 7,200ರ ಗಾತ್ರದಲ್ಲೇ ಕ್ಯಾನ್ವಾಸ್ ಬಟ್ಟೆಯ ನೇಯ್ಗೆಯ ಒಂದು ಪದರವನ್ನು ಮೇಲೆ ಹಾಸಿ, ಓವರ್‌ಲೇಗೆ (ಕೆಳಗಿನ ಬಣ್ಣದೊಂದಿಗೆ ಬೆರೆಯುವ ಬಗೆಗೆ) ತಿರುಗಿಸಿ, ಅದರ ದಟ್ಟತೆಯನ್ನು ಶೇ 15ರಿಂದ 20ಕ್ಕೆ ಇಳಿಸಿ. ಕಣ್ಣಿಗೆ ಚುರುಕು ಬಂದಂತಾಗುತ್ತದೆ.

ಫಿಲ್ಟರ್ ಹಾಕುವ ಮೊದಲು ನಾಯ್ಸ್, ಅಂದರೆ ಫೋಟೋದಲ್ಲಿನ ಕಾಳುಕಾಳು ಚುಕ್ಕೆ, ತೆಗೆಯಿರಿ. ಸಂಜೆಗತ್ತಲಲ್ಲಿ ಮೊಬೈಲಿನಿಂದ ತೆಗೆದ ಫೋಟೋಗೆ ಹಾಗೇ ಫಿಲ್ಟರ್ ಕೊಟ್ಟರೆ ಆಕಾಶದ ತುಂಬ ಹುಳು ಹರಿದಾಡಿದಂತೆ ಗೀಟು ಬರುತ್ತವೆ. ಮದರಸಾದ ಮುಂಭಾಗ ಪೂರ್ವಕ್ಕಿದೆ, ಬೆಳಗಿನ ಬಿಸಿಲಲ್ಲಿ ತೆಗೆದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

"ಫಿಲ್ಟರ್ ಗ್ಯಾಲರಿ ಒತ್ತಕ್ಕೇ ಬರವಲ್ದು ಸರ" ಎಂದು ವಾರಕ್ಕೊಬ್ಬರಾದರೂ ನನಗೆ ಫೋನ್ ಮಾಡುತ್ತಾರೆ. ಪ್ರಿಂಟಿಂಗ್ ಅಂಗಡಿಯ ಅಭ್ಯಾಸಬಲದಿಂದ ಫೈಲನ್ನು ಮೊದಲೇ ಸಿಎಂವೈಕೆಗೆ (ಪ್ರಿಂಟಿನ ನಾಲ್ಕು ಶಾಯಿಯ ಬಣ್ಣಲೆಕ್ಕಕ್ಕೆ) ತಿರುಗಿಸಿರುತ್ತಾರೆ, ಇಲ್ಲವೇ ಫೈಲಿನ ಬಣ್ಣದ ವಿವರ 16 ಬಿಟ್‌ನಲ್ಲಿರುತ್ತದೆ. ಫೋಟೋಶಾಪ್‌ನ ಆ ಗ್ಯಾಲರಿಗೆ 8 ಬಿಟ್ ಆರ್‌ಜಿಬಿ (ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕ) ಬೇಕು. ಸಿಎಂವೈಕೆ ಎಲ್ಲ ಮುಗಿದ ಮೇಲೆ, ಕೊನೆಗೆ.

ಊರೆಲ್ಲ ಪೆನ್‌ಡ್ರೈವ್‌ನಲ್ಲಿ ಸುತ್ತುವ 'ಸಾವಿರ ಆಯಿಲ್ ಪೇಂಟ್ ಆ್ಯಕ್ಷನ್'ಗಳಿಗೆ (ಒತ್ತಿದರೆ ಒಂದರ ಹಿಂದೊಂದು ತಾನೇ ಓಡುವ ಸಿದ್ಧ ಹೆಜ್ಜೆಗಳಿಗೆ) ದುಡ್ಡು ಕೊಡಬೇಡಿ. ಯಾರೋ ಚಿಕ್ಕ ಚಿತ್ರಕ್ಕೆಂದು ಕಟ್ಟಿದ ಅಳತೆಗಳು ಅವು, ನಿಮ್ಮ ದೊಡ್ಡ ಫೈಲಿನಲ್ಲಿ ಅದೇ 2 ಮಿಲಿಮೀಟರ್ ಕಥೆ. ಮೊಬೈಲ್ ಆ್ಯಪ್‌ಗಳಲ್ಲಿ ಬಹಳಷ್ಟು ಚಿತ್ರವನ್ನು ಸದ್ದಿಲ್ಲದೆ ಚಿಕ್ಕದು ಮಾಡಿಯೇ ಫಿಲ್ಟರ್ ಹಾಕುತ್ತವೆ. ಮೊಬೈಲಿನಲ್ಲಿ ಅಷ್ಟು ಚೆಂದ ಕಾಣುವುದರ ಗುಟ್ಟು ಅದೇ. ಗುಟ್ಟು ಕಲಿಯಿರಿ, ಅವು ಕೊಡುವ ಫೈಲನ್ನು ಮಾತ್ರ 12 ಅಡಿಗೆ ಎಳೆಯಬೇಡಿ.

ಇನ್ನು ಮನೆಯ ಹಾಲ್‌ನಲ್ಲಿ ಸೋಫಾದ ಮೇಲೆ ತೂಗುಹಾಕುವ 5 ಅಡಿ ಕ್ಯಾನ್ವಾಸ್. ಜನ ಹತ್ತಿರ ಹೋಗಿ ನೋಡುತ್ತಾರೆ, 150 ಡಿಪಿಐಗಿಂತ ಇಳಿಸಬಾರದು. ಅಂದರೆ ಅದೇ ಚಿತ್ರ 9,000 × 4,500 ಪಿಕ್ಸೆಲ್. ಪಿಕ್ಸೆಲ್ಲಿಗೆ 3 ಬೈಟಿನಂತೆ ಒಂದು ಪದರಕ್ಕೇ 120 ಎಂಬಿ ದಾಟುತ್ತದೆ, ಪದರ ಹೆಚ್ಚಿದಂತೆ ಭಾರವೂ ಹೆಚ್ಚುತ್ತದೆ. ಕೆಲವು ಫಿಲ್ಟರುಗಳು ಪೂರ್ತಿ ಕೆಲಸವನ್ನು ರ‍್ಯಾಮ್‌ನಲ್ಲೇ ಮಾಡುವುದರಿಂದ ಡಿಸ್ಕ್ ಎಷ್ಟು ಖಾಲಿಯಿದ್ದರೂ 4 ಜಿಬಿಯ ಹಳೇ ಮಶೀನು ಮೆಮೊರಿ ಸಾಲದೆಂದು ಮುಖ ತಿರುಗಿಸಿಬಿಡುತ್ತದೆ. ಆಗ ತುಂಡು ಮಾಡಬೇಕು.

ತುಂಡು ಮಾಡುವಾಗ ಗೆರೆ ಎಳೆದಂತೆ ಕತ್ತರಿಸಿ, ಫಿಲ್ಟರ್ ಹಾಕಿ ಮತ್ತೆ ಅಂಟಿಸಿದರೆ ನಡುವೆ ಹೊಲಿಗೆ ಎದ್ದು ಕಾಣುತ್ತದೆ. ಅಂಚಿನ ಪಿಕ್ಸೆಲ್ಲಿಗೆ ಪಕ್ಕದವರು ಯಾರೆಂದು ಫಿಲ್ಟರಿಗೆ ತಿಳಿಯದೆ ಊಹೆಯಲ್ಲಿ ಬಣ್ಣ ಬಳಿದಿರುತ್ತದೆ. ಬದಲಿಗೆ 3,000 ಪಿಕ್ಸೆಲ್ ಅಗಲದ ಮೂರು ತುಂಡು ಮಾಡಿ, ಒಂದೊಂದೂ ಪಕ್ಕದ ತುಂಡಿನೊಳಗೆ 100 ಪಿಕ್ಸೆಲ್ ನುಗ್ಗಿರಲಿ. ಎಲ್ಲದಕ್ಕೂ ಅದೇ ಅಳತೆ, ಅದೇ ಬೆಳಕಿನ ದಿಕ್ಕು ಕೊಟ್ಟು ಫಿಲ್ಟರ್ ಹಾಕಿದ ಮೇಲೆ ಆ ಹೆಚ್ಚುವರಿ 100 ಕತ್ತರಿಸಿ ಜೋಡಿಸಿ. ಚುಕ್ಕೆ ಎರಚುವ ಸ್ಪ್ಯಾಟರ್, ಪಾಯಿಂಟಿಲೈಸ್‌ನಂಥ ಫಿಲ್ಟರುಗಳು ಮಾತ್ರ ಇದಕ್ಕೂ ಬಗ್ಗುವುದಿಲ್ಲ. ಅವುಗಳ ಚುಕ್ಕೆಗಳು ಪಕ್ಕಪಕ್ಕದ ತುಂಡುಗಳಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಅಂಥ ಕಡೆ ನಾನು ಹೆಚ್ಚುವರಿ ಭಾಗವನ್ನು ಕತ್ತರಿಸದೆ ಮೆತ್ತನೆಯ ಮಾಸ್ಕ್‌ನಿಂದ, ಅಂದರೆ ಪದರದ ಬೇಡದ ಭಾಗವನ್ನು ಮರೆಮಾಡುವ ಮುಸುಕಿನಿಂದ, ಬೆರೆಸುತ್ತೇನೆ, ಹೊಲಿಗೆಯನ್ನು ಬಯಲು ಆಕಾಶದ ನಡುವೆ ತರದೆ ಮದರಸಾದಲ್ಲಿ ಉಳಿದಿರುವ ಆ ಒಂದೇ ಮಿನಾರಿನ ಅಂಚಿಗೇ ಹೊಂದಿಸುತ್ತೇನೆ.

1472ರಲ್ಲಿ ಮುಗಿದ ಆ ಕಟ್ಟಡದ ಮುಖದ ಮೇಲೆ ನೀಲಿ, ಬಿಳಿ ಹೆಂಚುಗಳ ಅಕ್ಷರಪಟ್ಟಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅವು ಕುರಾನಿನ ಸಾಲುಗಳು. ಫಿಲ್ಟರಿನ ಕುಂಚ ಅವುಗಳ ಮೇಲೆ ಹಾಯ್ದರೆ ಅಕ್ಷರ ಹೋಗಿ ನೀಲಿ ಗೀಚು ಉಳಿಯುತ್ತದೆ. ಮೂಲ ಫೋಟೋದ ಪದರವನ್ನು ಮೇಲಿಟ್ಟು, ಆ ಪಟ್ಟಿಯಷ್ಟನ್ನು ಮಾಸ್ಕ್ ಮಾಡಿ ಉಳಿಸಿಕೊಳ್ಳಿ. ಮನುಷ್ಯರ ಮುಖಕ್ಕೂ, ಅದರಲ್ಲೂ ಕಣ್ಣಿಗೆ, ಇದೇ ಮಾತು. ಮದುಮಗಳ ಕಣ್ಣು ಕಲೆಸಿದ ಫ್ಲೆಕ್ಸನ್ನು ಯಾರೂ ಹಣ ಕೊಟ್ಟು ಒಯ್ಯುವುದಿಲ್ಲ.

ಸೇವ್ ಮಾಡುವುದು ಸುಲಭ. ಬದಿ 30,000 ಪಿಕ್ಸೆಲ್ ಅಥವಾ ಫೈಲು 2 ಜಿಬಿ ದಾಟಿದರೆ ಫೋಟೋಶಾಪ್‌ನ ಮಾಮೂಲಿ ಪಿಎಸ್‌ಡಿ ಫೈಲು ನಡೆಯದು, ದೊಡ್ಡ ಚಿತ್ರಕ್ಕೆಂದಿರುವ ಪಿಎಸ್‌ಬಿ ಬೇಕು. ಕರೆಂಟು ಹೇಳಿ ಹೋಗುವುದಿಲ್ಲವಾದ್ದರಿಂದ ಫಿಲ್ಟರ್ ಒತ್ತುವ ಮೊದಲೇ ಸೇವ್ ಆಗಿರಲಿ.

ಪ್ರಿಂಟಿಗೆ ಕೊಡುವ ಮೊದಲು ಒಂದು ಕೆಲಸ ಬಾಕಿ. ಪರದೆಗೆ ಹೊಂದುವಂತೆ ಚಿಕ್ಕದು ಮಾಡಿ ನೋಡಿದರೆ ಯಾವ ಫಿಲ್ಟರೂ ಮೋಸ ಮಾಡುತ್ತದೆ. ಮುಗಿದ 7,200ರ ಚಿತ್ರದಿಂದ ಮಿನಾರಿನ ಕಡೆಯ 400 × 550 ಪಿಕ್ಸೆಲ್ಲಿನ ತುಂಡು ಕತ್ತರಿಸಿ, 50 ಡಿಪಿಐ ಇಟ್ಟು, ಆಫೀಸಿನ ಸಾದಾ ಪ್ರಿಂಟರಿನಲ್ಲಿ ಎ4 ಹಾಳೆಗೆ ತೆಗೆಯಿರಿ. ಫ್ಲೆಕ್ಸಿನ ಮೇಲೆ ಬರುವ ನಿಜವಾದ ಅಳತೆ ಅದೇ. ಹಾಳೆಯನ್ನು ಅಂಗಡಿಯ ಶಟರಿಗೆ ಅಂಟಿಸಿ, ರಸ್ತೆ ದಾಟಿ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ನೋಡಿ. ಗೀಟು ಕಾಣದಿದ್ದರೆ ಫಿಲ್ಟರ್ ಹಾಕದ ಪ್ರತಿಯನ್ನು 3,600ರ ಬದಲು 2,400ಕ್ಕೆ ಇಳಿಸಿ ಮತ್ತೊಮ್ಮೆ ಫಿಲ್ಟರ್ ಹಾಕಿ.