ಹೊಸ ಗ್ರಾಫಿಕ್ಸ್ ಕಾರ್ಡ್ ಯಾವಾಗ ಕೊಳ್ಳಬೇಕು?

ಗೇಮ್ ತಡವರಿಸಿದರೆ ಎಲ್ಲರ ಅನುಮಾನವೂ ಮೊದಲು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಆದರೆ ತಪ್ಪು ಅದರದ್ದೇ ಎಂದು ಖಾತ್ರಿಯಾಗುವವರೆಗೆ ದುಡ್ಡು ಬಿಚ್ಚಬೇಡಿ. ಅರ್ಧ ಗಂಟೆಯ ಪರೀಕ್ಷೆ ಸಾಕು.

ಕಾರ್ಡಿನ ಕೆಲಸ ಅಳೆದು ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕಾರ್ಡ್ ಯಾವ ಕಂಪನಿಯದಾದರೂ ನಡೆಯುತ್ತದೆ. ಅಂಕಿಗಳನ್ನು ಗೇಮಿನ ಮೇಲೆಯೇ ತೋರಿಸಲು, ಜೊತೆಗೆ ಬರುವ ರಿವಾಟ್ಯೂನರ್ ಕೂಡ ಹಾಕಿಕೊಳ್ಳಿ. ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಉಷ್ಣತೆ, ವಿಡಿಯೊ ಮೆಮೊರಿ (ಕಾರ್ಡಿನದೇ ಮೆಮೊರಿ), ಸಿಪಿಯುವಿನ (ಕಂಪ್ಯೂಟರಿನ ಮುಖ್ಯ ಪ್ರೊಸೆಸರ್) ಒಂದೊಂದು ಕೋರಿನ ಬಳಕೆ, ಫ್ರೇಮ್‌ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಇಷ್ಟೂ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ಫ್ರೇಮನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ತೆಗೆದು, ತೊಂದರೆ ಕೊಡುವ ಗೇಮನ್ನೇ 20 ನಿಮಿಷ ಆಡಿ.

ಜಿಪಿಯು ಬಳಕೆ ಶೇ. 95ರಿಂದ 99ರಲ್ಲೇ ನಿಂತಿದ್ದೂ ಫ್ರೇಮ್ ಸಾಲದಿದ್ದರೆ ಸೋತಿರುವುದು ಕಾರ್ಡೇ. ಅದು ಶೇ. 60ರ ಸುಮಾರಿಗಿದ್ದು, ಸಿಪಿಯುವಿನ ಒಂದೆರಡು ಕೋರ್ 100 ಮುಟ್ಟುತ್ತಿದ್ದರೆ ಅಡ್ಡಿ ಸಿಪಿಯುವಿನದು. ಇನ್ನೂ ಅನುಮಾನವೇ? ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಫ್ರೇಮ್ ಏರದಿದ್ದರೆ ಎಷ್ಟು ದುಬಾರಿ ಕಾರ್ಡ್ ತಂದರೂ ಅಷ್ಟೇ. ಬಿ450 ಮದರ್‌ಬೋರ್ಡಿನಲ್ಲಿ ರೈಜೆನ್ 5 1600 ಎಂಬ ಹಳೆಯ ಸಿಪಿಯು ಇಟ್ಟುಕೊಂಡವರು ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ರೈಜೆನ್ 5 5600 ಕೂರಿಸುವುದೇ ಮೇಲು. ರ್‍ಯಾಮ್ ಒಂದೇ ಸ್ಟಿಕ್ ಇದ್ದರೆ ಅದರ ಜೋಡಿ ಹಾಕಿ, ಎರಡೂ ಒಟ್ಟಿಗೆ ದುಡಿಯುವ ಡ್ಯುಯಲ್ ಚಾನೆಲ್‌ನಿಂದಲೇ ಎಷ್ಟೋ ಗೇಮ್‌ಗಳು ಸುಧಾರಿಸುತ್ತವೆ.

ವಿಡಿಯೊ ಮೆಮೊರಿಯ ಕೊರತೆ ಬೇರೆ ಥರ ಕಾಣಿಸಿಕೊಳ್ಳುತ್ತದೆ. ಸರಾಸರಿ ಫ್ರೇಮ್ ಚೆನ್ನಾಗಿಯೇ ಇರುತ್ತದೆ, ಕ್ಯಾಮೆರಾ ತಿರುಗಿಸಿದಾಗ ಮಾತ್ರ ಗಕ್ಕನೆ ನಿಲ್ಲುತ್ತದೆ, ಗೋಡೆ-ನೆಲದ ಚಿತ್ರಗಳು ಮಸುಕಾಗಿಯೇ ಉಳಿಯುತ್ತವೆ. ಆ ಚಿತ್ರಗಳ ಗುಣಮಟ್ಟವಾದ ಟೆಕ್ಸ್ಚರ್ ಸೆಟ್ಟಿಂಗನ್ನು ಒಂದು ಹಂತ ಇಳಿಸಿದೊಡನೆ ಇದು ಮಾಯವಾದರೆ ಕೊರತೆ ಖಚಿತ. (ಪರದೆಯಲ್ಲಿ ಕಾಣುವುದು ಗೇಮ್ ಕಾದಿರಿಸಿಕೊಂಡ ಮೆಮೊರಿ, ನಿಜಕ್ಕೂ ಬೇಕಾದದ್ದಲ್ಲ. ಆ ಅಂಕಿ ನೋಡಿ ಗಾಬರಿಯಾಗಬೇಡಿ.)

ಆಡುತ್ತಾ ಹೋದಂತೆ ಉಷ್ಣತೆ 83–85 ಡಿಗ್ರಿ ದಾಟಿ ಕ್ಲಾಕ್ (ಚಿಪ್ಪಿನ ವೇಗ) ಇಳಿಯುತ್ತಿದ್ದರೆ ಮೊದಲು ದೂಳು ತೆಗೆಯಿರಿ. ಕಾರ್ಡ್ ಹಳೆಯದಾಗಿದ್ದರೆ ಥರ್ಮಲ್ ಪೇಸ್ಟ್ ಬದಲಿಸಿ.

ಸೆಟ್ಟಿಂಗ್ ಇಳಿಸಿದರೂ ದಾಟಲಾಗದ ಗೋಡೆಯೂ ಒಂದಿದೆ. 2025ರ 'ಡೂಮ್: ದಿ ಡಾರ್ಕ್ ಏಜಸ್' ಗೇಮಿಗೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ) ಹಾರ್ಡ್‌ವೇರ್ ಕಡ್ಡಾಯ, ಜಿಟಿಎಕ್ಸ್ 1060ರಂಥ ಕಾರ್ಡಿನಲ್ಲಿ ಅದಿಲ್ಲ. ಆ ಕಾರ್ಡ್ ಸರಣಿಗೆ ತಯಾರಕ ಎನ್‌ವಿಡಿಯಾ ಹೊಸ ಗೇಮ್‌ಗಳ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಕೊಡುವುದನ್ನೂ ನಿಲ್ಲಿಸಿದೆ. ಇಲ್ಲಿ ಪರೀಕ್ಷೆ ಬೇಕಿಲ್ಲ, ಬದಲಿಸುವ ಕಾಲ ಬಂದಾಗಿದೆ.

ಹೊಸದು ಕನಿಷ್ಠ ಒಂದೂವರೆ ಪಟ್ಟು ವೇಗ ಕೊಡದಿದ್ದರೆ ಕೊಳ್ಳಬೇಡಿ, ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಗೊತ್ತಾಗುವುದಿಲ್ಲ. ಆರ್‌ಟಿಎಕ್ಸ್ 3060ರಿಂದ 4060ಕ್ಕೆ ಹೋದರೆ ಶೇ. 20ರ ಆಸುಪಾಸು ವೇಗ ಸಿಗುತ್ತದೆ, ಆದರೆ ಮೆಮೊರಿ 12 ಜಿಬಿಯಿಂದ 8ಕ್ಕೆ ಇಳಿಯುತ್ತದೆ. ನಮ್ಮ ಪ್ರಕಾರ ಅದು ದುಡ್ಡು ದಂಡ. ಮಾನಿಟರ್ 60 ಹರ್ಟ್ಜ್‌ನದಾದರೆ 140 ಫ್ರೇಮ್ ಬಂದರೂ ನೀವು ನೋಡುವುದು 60 ಮಾತ್ರ.

ಕೊಳ್ಳುವ ಮುಂಚೆ ಪವರ್ ಸಪ್ಲೈ ನೋಡಿ. ಕಾರ್ಡ್ ಕೂರುವ ಸ್ಲಾಟಿನಿಂದ ಸಿಗುವುದು 75 ವ್ಯಾಟ್, 8 ಪಿನ್ ಕೇಬಲ್ ಒಂದಕ್ಕೆ 150. 4060 ಎಳೆಯುವುದು 115 ವ್ಯಾಟ್, ಅದಕ್ಕೆ 550 ವ್ಯಾಟಿನ ಒಳ್ಳೆಯ ಸಪ್ಲೈ ಸಾಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ (ಪವರ್ ಸಪ್ಲೈ) ನಂಬಬೇಡಿ. ಕಾರ್ಡಿನ ಉದ್ದ ಕ್ಯಾಬಿನೆಟ್ಟಿನಲ್ಲಿ ಹಿಡಿಸುತ್ತದೆಯೇ ಎಂದು ಮಿಲಿಮೀಟರಿನಲ್ಲಿ ಅಳೆದುಕೊಳ್ಳಿ. ಬೋರ್ಡಿನ ಕಾರ್ಡ್ ಸ್ಲಾಟ್ ಹಳೆಯ ಪಿಸಿಐಇ 3.0 ತಲೆಮಾರಿನದಾಗಿದ್ದರೆ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಬೇಡ, ನಾಲ್ಕೇ ಲೇನ್ (ದತ್ತಾಂಶ ಓಡುವ ದಾರಿ) ಬಳಸುವ ಅದು ಅಲ್ಲಿ ಬಹಳ ಸೊರಗುತ್ತದೆ.

3060 ಬಂದದ್ದು 2021ರಲ್ಲಿ, 4060 2023ರಲ್ಲಿ, 5060 2025ರಲ್ಲಿ. ಹೊಸ ತಲೆಮಾರಿಗೆ ಎರಡು ತಿಂಗಳೊಳಗಿದ್ದರೆ ಕಾಯಿರಿ, ಇಲ್ಲವಾದರೆ ಕಾಯುವುದಕ್ಕೆ ಕೊನೆಯೇ ಇಲ್ಲ. ಬಿಡುಗಡೆಯ ಮೊದಲ ವಾರಗಳಲ್ಲಿ ಬೆಲೆ ಏರಿರುವುದೇ ಹೆಚ್ಚು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಕಾರ್ಡನ್ನು ಪೂರ್ತಿ ದುಡಿಸಿ ನೋಡುವ ಫರ್‌ಮಾರ್ಕ್ ತಂತ್ರಾಂಶ 15 ನಿಮಿಷ ಓಡಿಸಿ. ಪರದೆಯಲ್ಲಿ ಬಣ್ಣದ ಚೌಕ ಮೂಡಿದರೆ, ಫ್ಯಾನ್ ಕಟಕಟ ಎಂದರೆ, ಕಾರ್ಡನ್ನು ಅಲ್ಲೇ ಬಿಟ್ಟು ಬನ್ನಿ.