ಉಪ್ಪು ಗಾಳಿ ಊರಲ್ಲಿ ಮಲ್ಟಿಟೂಲ್: ದುಡ್ಡು ಯಾವುದಕ್ಕೆ ಕೊಡ್ಬೇಕು, ತಂದ್ಮೇಲೆ ಹ್ಯಾಗೆ ಇಟ್ಕೋಬೇಕು

ಕಾರವಾರದ ಬೈತಖೋಲ ಬಂದರದಲ್ಲಿ ಬೋಟಿನ ಎಂಜಿನ್ ಕೆಲಸ ಮಾಡ್ತಾ ಹದಿನೈದು ವರ್ಷ ಆಯ್ತು, ಸೊಂಟದಲ್ಲಿ ಒಂದು ಮಲ್ಟಿಟೂಲ್, ಅಂದ್ರೆ ಪ್ಲೇಯರ್, ಚಾಕು, ಸ್ಕ್ರೂಡ್ರೈವರ್ ಎಲ್ಲಾ ಒಂದರಲ್ಲೇ ಮಡಚಿಟ್ಟ ಸಾಮಾನು, ಯಾವಾಗ್ಲೂ ಇರ್ತದೆ, ಹಾಗಾಗಿ ಹುಡುಗ್ರು ಬಂದು ಕೇಳೋದು ಒಂದೇ ಮಾತು, "ಅಣ್ಣಾ, ಯಾವ್ದು ತಗೊಳ್ಳೋದು?" ಮೊದ್ಲು ಇದಕ್ಕೆ ಉತ್ತರ ಸುಲಭ ಇತ್ತು. ಈಗ ಅವ್ರು ಫೋನ್ ತೆಗೆದು ತೋರಿಸೋದು ಟೈಟಾನಿಯಂ ಹಿಡಿ, ಕಪ್ಪು ಕೋಟಿಂಗ್, ಕೈಗೆ ಕಟ್ಟೋ ಬ್ರೇಸ್‌ಲೆಟ್, ಲಿಮಿಟೆಡ್ ಎಡಿಷನ್, ಮತ್ತೆ ಬೆಲೆ ನೋಡಿದ್ರೆ ಒಂದು ಮನೆಯ ತಿಂಗಳ ರೇಷನ್ನು ಬಂದು ಇನ್ನೂ ಉಳಿತದೆ. ಹಾಗಾಗಿ ಗೊತ್ತಿದ್ದಷ್ಟು ಬರೆದಿಡ್ತೀನಿ, ಯಾಕಂದ್ರೆ ಕಷ್ಟಪಟ್ಟು ದುಡಿದ ದುಡ್ಡು ಹೊಳಪಿಗೆ ಹೋಗೋದು ನೋಡೋಕೆ ನಂಗೆ ನಿಜವಾಗ್ಲೂ ಬೇಜಾರಾಗ್ತದೆ.

ಮೊದ್ಲು ಈ ಸಾಮಾನು ಯಾಕೆ ಹುಟ್ತು ಅಂತ ತಿಳ್ಕೊಳ್ಳಿ, ಆಮೇಲೆ ಆರಿಸೋದು ಸುಲಭ. 1975ರಲ್ಲಿ ಅಮೆರಿಕದ ಟಿಮ್ ಲೆದರ್‌ಮನ್ ಹೆಂಡ್ತಿ ಜೊತೆ ಹಳೇ ಫಿಯಟ್ ಕಾರಲ್ಲಿ ಯುರೋಪ್ ಸುತ್ತೋಕೆ ಹೋಗಿದ್ರು, ಕಾರು ದಾರಿಯಲ್ಲಿ ಕೈಕೊಡೋದು, ರೂಮಿನ ನಲ್ಲಿ ಸೋರೋದು, ಕೈಲಿದ್ದ ಚಾಕುವಿನಲ್ಲಿ ಎಲ್ಲಾ ಇದ್ರೂ ಪ್ಲೇಯರ್, ಅಂದ್ರೆ ನಮ್ಮ ಪಕ್ಕಡ, ಮಾತ್ರ ಇಲ್ಲ. ಆ ಒಂದು ಕೊರತೆಯಿಂದ ಹುಟ್ಟಿದ್ದು ಮಲ್ಟಿಟೂಲ್. 1983ರಲ್ಲಿ ಗೆಳೆಯ ಸ್ಟೀವ್ ಬರ್ಲಿನರ್ ಜೊತೆ ಸೇರಿ ಲೆದರ್‌ಮನ್ ಕಂಪನಿ ಮಾಡಿದ್ರು, ಮೊದಲ ಟೂಲ್ ಹೆಸರು ಪಾಕೆಟ್ ಸರ್ವೈವಲ್ ಟೂಲ್, ಚಾಕುವಿನ ಹೊಟ್ಟೆಯೊಳಗೆ ಒಂದು ಪಕ್ಕಡ, ಅಷ್ಟೇ ವಿಷಯ.

ಅದೇ ಕಂಪನಿ 2015ರಲ್ಲಿ ಟ್ರೆಡ್ ಅಂತ ಕೈಗೆ ಕಟ್ಟೋ ಸ್ಟೀಲ್ ಬ್ರೇಸ್‌ಲೆಟ್ ತಂತು, ಒಂದೊಂದು ಕೊಂಡಿಯಲ್ಲೂ ಸ್ಕ್ರೂಡ್ರೈವರ್, ಸ್ಪ್ಯಾನರ್ ತೂತು, ಲೆಕ್ಕ ಹಾಕಿದ್ರೆ 29 ಟೂಲು. ಡಿಸ್ನಿಲ್ಯಾಂಡ್ ಗೇಟಲ್ಲಿ ಕಂಪನಿಯ ಆಗಿನ ಅಧ್ಯಕ್ಷ ಬೆನ್ ರಿವೇರಾ ಅವ್ರ ಸೊಂಟದ ಟೂಲನ್ನ ಸೆಕ್ಯೂರಿಟಿಯವ್ರು ಒಳಗೆ ಬಿಡ್ಲಿಲ್ಲ, ಅಲ್ಲಿಂದ ಬಂದ ಯೋಚನೆ ಅದು. ಶಿರಸಿ ಕಡೆ ತೋಟ ಇರೋ ನನ್ನ ದೋಸ್ತನಿಗೆ ಅದ್ರ ಫೋಟೋ ತೋರಿಸ್ದಾಗ ಅವ ಹಿಂದೆ ಮುಂದೆ ನೋಡಿ, "ಇದ್ರಲ್ಲಿ ಪಕ್ಕಡನೇ ಇಲ್ಲೆ, ಎಂತಕ್ಕೆ ಮಾರಾಯಾ ಇದು?" ಅಂದ. ಇಡೀ ವಿಷಯ ಆ ಮಾತಲ್ಲೇ ಬಂತು. ಯಾವ ಪಕ್ಕಡ ಬೇಕು ಅಂತ ಕಂಪನಿ ಶುರು ಆಯ್ತೋ ಆ ಪಕ್ಕಡನೇ ಬಿಟ್ಟು ಆಭರಣ ಆಯ್ತು. ಪೇಟೆಯಲ್ಲಿ ಆಫೀಸಿಗೆ ಹೋಗೋರಿಗೆ ಅದು ಚೆಂದವೇ ಇರ್ಬಹುದು, ಬೋಟಿನ ಮೇಲೆ ಅದ್ರಿಂದ ಒಂದು ಹೋಸ್ ಕ್ಲಿಪ್ ತಿರುಗಿಸೋಕೆ ಹೋದ್ರೆ ಕೈಯಿಂದ ಬಿಚ್ಚಬೇಕು.

ಇದು ಅವ್ರೊಬ್ರ ಕತೆ ಅಲ್ಲ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ 1884ರಲ್ಲಿ ಶುರುವಾಗಿ 1891ರಿಂದ ಸೈನಿಕರಿಗೆ ಚಾಕು ಕೊಟ್ಟ ಮನೆ, 1989ರಲ್ಲಿ ಗಡಿಯಾರಕ್ಕೆ ಕೈ ಹಾಕ್ತು, ಆಮೇಲೆ ಸೂಟ್‌ಕೇಸು, ಸೆಂಟು. 2001ರ ಸೆಪ್ಟೆಂಬರ್ ದಾಳಿ ಆದ್ಮೇಲೆ ವಿಮಾನದೊಳಗೆ ಚಾಕು ನಿಷೇಧ ಆಗಿ ಏರ್‌ಪೋರ್ಟ್ ಅಂಗಡಿ ವ್ಯಾಪಾರವೇ ಬಿದ್ದೋಯ್ತು, ಆಗ ಈ ಬೇರೆ ಸಾಮಾನುಗಳೇ ಕೈ ಹಿಡಿದದ್ದು. ಕಂಪನಿಗೂ ಹೊಟ್ಟೆ ಇದೆ, ಅವ್ರನ್ನ ಬೈಯ್ಯೋದಲ್ಲ. ಆದ್ರೆ ಬಿಲ್ಲಲ್ಲಿ ಎಷ್ಟು ಕೆಲಸಕ್ಕೆ, ಎಷ್ಟು ಶೋಕಿಗೆ ಅಂತ ಬಿಡಿಸಿ ನೋಡೋದು ನಮ್ಮ ಕೆಲಸ.

ಬಿಡಿಸೋದು ಹ್ಯಾಗೆ ಅಂದ್ರೆ, ಮೊದ್ಲು ಪ್ಲೇಯರ್ ನೋಡಿ. ಅದ್ರ ಬಾಯಿ ಮುಚ್ಚಿ ಬೆಳಕಿಗೆ ಹಿಡಿದ್ರೆ ತುದಿಯಲ್ಲಿ ಸಂದು ಕಾಣಬಾರ್ದು, ಅಲ್ಲಾಡಿಸಿದ್ರೆ ಅಡ್ಡಡ್ಡ ಆಡಬಾರ್ದು. ತಂತಿ ಕತ್ತರಿಸೋ ಭಾಗ ಸ್ಕ್ರೂ ಬಿಚ್ಚಿ ಬದಲಾಯಿಸೋ ಹಾಗಿದ್ರೆ ಅದಕ್ಕೆ ಹೆಚ್ಚು ದುಡ್ಡು ಕೊಡಿ, ಧಾರಾಳವಾಗಿ ಕೊಡಿ, ಯಾಕಂದ್ರೆ ಸ್ಟೀಲ್ ವೈರ್ ಒಂದ್ಸಲ ಕಡಿದ್ರೂ ಅಲ್ಲಿ ಹಲ್ಲು ಬೀಳ್ತದೆ. ಲೆದರ್‌ಮನ್‌ನ ವೇವ್ ಮಾಡೆಲ್ 1998ರಲ್ಲಿ ಬಂದಿದ್ದು, ವೇವ್ ಪ್ಲಸ್ ಅಂತ ಆದಾಗ ಸೇರಿದ ದೊಡ್ಡ ಉಪಕಾರ ಇದೇ.

ಆಮೇಲೆ ಬ್ಲೇಡಿನ ಸ್ಟೀಲು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಮ್ಮ ಕಡಲ ಬದಿಯವ್ರಿಗೆ ಇದೇ ಮುಖ್ಯ. ಸ್ಟೇನ್‌ಲೆಸ್ ಅಂದ್ರೆ ತುಕ್ಕೇ ಹಿಡಿಯೋದಿಲ್ಲ ಅಂತಲ್ಲ. ಸ್ಟೀಲಿನಲ್ಲಿರೋ ಕ್ರೋಮಿಯಂ ಗಾಳಿ ತಾಗಿ ಮೇಲೆ ಒಂದು ತೆಳು ಪದರ ಕಟ್ಕೊಳ್ತದೆ, ಅದೇ ಕಾಯೋದು, ಮತ್ತೆ ಉಪ್ಪಿನಲ್ಲಿರೋ ಕ್ಲೋರೈಡು ಆ ಪದರವನ್ನೇ ಚುಚ್ಚಿ ಚುಚ್ಚಿ ಸಣ್ಣ ಗುಂಡಿ ಮಾಡ್ತದೆ. ಸಾದಾ ಮಾಡೆಲ್‌ಗಳಲ್ಲಿ ಬರೋ 420 ಎಚ್‌ಸಿ ಸ್ಟೀಲಿನಲ್ಲಿ ಕ್ರೋಮಿಯಂ ಸುಮಾರು 13 ಪರ್ಸೆಂಟ್, ಧಾರ ಬೇಗ ಹೋಗ್ತದೆ ನಿಜ, ಆದ್ರೆ ಮನೆಯ ಮಸೆಕಲ್ಲಲ್ಲೇ ಐದು ನಿಮಿಷಕ್ಕೆ ವಾಪಸ್ ಬರ್ತದೆ. 2024ರಲ್ಲಿ ಬಂದ ಲೆದರ್‌ಮನ್‌ನ ಆರ್ಕ್ ಮಾಡೆಲ್‌ನಲ್ಲಿ ಮ್ಯಾಗ್ನಾಕಟ್ ಅನ್ನೋ ಸ್ಟೀಲು ಹಾಕಿದಾರೆ, ಅಮೆರಿಕದ ಲ್ಯಾರಿನ್ ಥಾಮಸ್ ಅನ್ನೋ ಲೋಹ ತಜ್ಞರು ಮಾಡಿದ್ದು, ಕ್ರೋಮಿಯಂ ಇಂಗಾಲದ ಜೊತೆ ಸೇರಿ ಕಾರ್ಬೈಡಾಗಿ ಗಟ್ಟಿಯಾಗಿ ಕೂರದೆ ಸ್ಟೀಲಿನೊಳಗೇ ಕರಗಿ ಉಳಿಯೋ ಹಾಗೆ ಅಳತೆ ಹಾಕಿದ್ದು, ಹಾಗಾಗಿ ಧಾರವೂ ನಿಲ್ತದೆ ತುಕ್ಕೂ ತಡಿತದೆ. ಪ್ರೀಮಿಯಂ ಅಂತ ಕರೆಯೋದ್ರಲ್ಲಿ ನಿಜವಾಗಿ ಬೆಲೆ ಇರೋದು ಇಂಥದ್ದಕ್ಕೆ. ಬಿಡುಗಡೆ ಆದಾಗ ಆರ್ಕ್ ಬೆಲೆ 229.95 ಡಾಲರ್, ವೇವ್ ಪ್ಲಸ್‌ಗಿಂತ ಹತ್ತಿರ ಹತ್ತಿರ ದುಪ್ಪಟ್ಟು. ಆದ್ರೆ ಒಂದು ನೆನಪಿರ್ಲಿ, ಆ ಸ್ಟೀಲಿರೋದು ಚಾಕುವಿನ ಬ್ಲೇಡಿಗೆ ಮಾತ್ರ, ಪ್ಲೇಯರಿಗಲ್ಲ. ನೀವು ದಿನಾ ಹಗ್ಗ, ಬಲೆ ಕೊಯ್ಯೋರಾದ್ರೆ ಯೋಚನೆ ಮಾಡಿ, ವಾರಕ್ಕೊಮ್ಮೆ ಪಾರ್ಸೆಲ್ ಕತ್ತರಿಸೋಕೆ ಬೇಡ.

ಟೈಟಾನಿಯಂ ಹಿಡಿ ತುಕ್ಕು ಹಿಡಿಯೋದಿಲ್ಲ ಅನ್ನೋದು ಸತ್ಯ, ಆದ್ರೆ ಒಳಗಿನ ಪ್ಲೇಯರು, ಸ್ಪ್ರಿಂಗು ಎಲ್ಲಾ ಸ್ಟೀಲೇ, ಕೆಡೋದು ಅಲ್ಲಿ. ಆಯಸ್ಕಾಂತದ ಕೀಲು 2019ರ ಲೆದರ್‌ಮನ್ ಫ್ರೀ ಸೀರೀಸಿನಿಂದ ಬಂತು, ಒಂದೇ ಕೈಯಲ್ಲಿ ತೆರಿಬಹುದು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದಿರೋರಿಗೆ ಅದು ಉಪಕಾರವೇ, ಆದ್ರೆ ಡ್ರಿಲ್ ಹೊಡೆಯೋ ಜಾಗದಲ್ಲಿ ಕಬ್ಬಿಣದ ಪುಡಿ ಅಂಟಿಕೊಳ್ತದೆ, ಒರೆಸ್ತಾ ಇರ್ಬೇಕು. ಲಿಮಿಟೆಡ್ ಎಡಿಷನ್, ನಂಬರ್ ಕೆತ್ತಿದ್ದು, ಬಣ್ಣದ್ದು, ಇದಕ್ಕೆಲ್ಲ ಒಂದು ರೂಪಾಯಿ ಹೆಚ್ಚು ಕೊಡ್ಬೇಡಿ.

ಕಪ್ಪು ಕೋಟಿಂಗ್ ಬಗ್ಗೆ ನನ್ನ ಅನುಭವ ಹೇಳ್ತೀನಿ. ಒಂದು ಕಂಪನಿದು, ಹೆಸರು ಬೇಡ, ನುಣ್ಣಗೆ ಕಪ್ಪಗೆ ಇತ್ತು, ಆಸೆಯಿಂದ ತಂದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್ ಅಲ್ವಾ, ಆ ಟೈಮಲ್ಲಿ ಅದನ್ನ ಒದ್ದೆ ನೈಲಾನ್ ಚೀಲದ ಸಮೇತ ಬೋಟಿನ ಕ್ಯಾಬಿನ್ನಿನ ಪೆಟ್ಟಿಗೆಯಲ್ಲೇ ಬಿಟ್ಟಿದ್ದೆ. ಆಗಸ್ಟಲ್ಲಿ ತೆಗೆದ್ರೆ ಮೇಲಿಂದ ಏನೂ ಆಗಿಲ್ಲ, ಕಪ್ಪಗೆ ಚೆಂದಕ್ಕೇ ಇದೆ, ತೆರೆಯೋಕೆ ಹೋದ್ರೆ ಪ್ಲೇಯರ್ ಜಪ್ಪಯ್ಯ ಅನ್ನೋದಿಲ್ಲ. ರಾತ್ರಿ ಇಡೀ ಡೀಸೆಲ್‌ನಲ್ಲಿ ನೆನೆಸಿಟ್ಟು ಬೆಳಿಗ್ಗೆ ತಿರುಚಿದ್ರೆ ಕರ್ರ್ ಅಂತ ಸದ್ದು ಮಾಡಿ ಕೀಲಿನಿಂದ ಕಂದು ನೀರು ಇಳೀತು. ಕೋಟಿಂಗ್ ಮೇಲ್ಮೈಗೆ ಸರಿ, ಕೀಲಿನಲ್ಲಿ ಲೋಹ ಲೋಹ ಉಜ್ಜೋ ಜಾಗದಲ್ಲಿ ಅದು ಸವೆದು ಹೋಗಿರ್ತದೆ, ಉಪ್ಪು ಕೂತ್ಕೊಳ್ಳೋದೂ ಅಲ್ಲೇ. ಮತ್ತೆ ವಾರಂಟಿ ಕಾಗದ ಪೂರ್ತಿ ಓದಿ. ಲೆದರ್‌ಮನ್ 25 ವರ್ಷ ವಾರಂಟಿ ಕೊಡ್ತದೆ, ದೊಡ್ಡ ಮಾತು ಅದು, ಆದ್ರೆ ಬಣ್ಣದ ಫಿನಿಷ್ ಅದ್ರಲ್ಲಿ ಸೇರೋದಿಲ್ಲ. ಯಾವುದಕ್ಕೆ ಹೆಚ್ಚು ದುಡ್ಡು ಕೊಟ್ರೋ ಅದಕ್ಕೇ ವಾರಂಟಿ ಇಲ್ಲ!

ಇನ್ನು ನೋಡ್ಕೊಳ್ಳೋ ಕ್ರಮ. ಸಮುದ್ರದಿಂದ ಬಂದ ದಿನವೇ ಸಿಹಿನೀರಲ್ಲಿ ತೊಳೀರಿ. ಅಳಿವೆ ಹತ್ರದ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗಿರ್ತದೆ, ಅದ್ರಲ್ಲಿ ತೊಳೆದ್ರೆ ತೊಳೆಯದೇ ಇದ್ದ ಹಾಗೇ, ಕುಡಿಯೋ ನೀರನ್ನೇ ತಗೊಳ್ಳಿ. ಬಿಸಿನೀರಿಗೆ ಪಾತ್ರೆ ಸೋಪು ಎರಡು ಹನಿ ಹಾಕಿ, ಎಲ್ಲಾ ಬ್ಲೇಡೂ ಅರ್ಧ ತೆರೆದು, ಹಳೇ ಹಲ್ಲುಜ್ಜೋ ಬ್ರಷ್ಷಿಂದ ಕೀಲನ್ನ ತಿಕ್ಕಿ, ನೀರೊಳಗೇ ಪ್ಲೇಯರ್ ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ ಮಾಡಿ, ಆಗ ಒಳಗಿನ ಕೊಳೆ ಮೋಡದ ಹಾಗೆ ಹೊರಗೆ ಬರೋದು ಕಣ್ಣಿಗೇ ಕಾಣ್ತದೆ. ಆಮೇಲೆ ಒರೆಸಿ ಪೂರ್ತಿ ಒಣಗಿಸ್ಬೇಕು, ಮಳೆಗಾಲದಲ್ಲಿ ಬಿಸಿಲೆಲ್ಲಿ, ಬಚ್ಚಲ ಒಲೆಯಿಂದ ಒಂದು ಮಾರು ದೂರದಲ್ಲಿ ಅರ್ಧ ಗಂಟೆ ಇಟ್ರೆ ಸಾಕು, ಬೆಂಕಿಗೆ ಹಿಡಿಬೇಡಿ.

ಎಣ್ಣೆ ಒಂದು ಕೀಲಿಗೆ ಒಂದೇ ಹನಿ. ಹೊಲಿಗೆ ಮಷಿನ್ನಿನ ಎಣ್ಣೆ ಚೆನ್ನಾಗಿದೆ, ಹಣ್ಣು ಮೀನು ಕೊಯ್ಯೋ ಬ್ಲೇಡಾದ್ರೆ ಮೆಡಿಕಲ್ ಶಾಪಲ್ಲಿ ಸಿಗೋ ಲಿಕ್ವಿಡ್ ಪ್ಯಾರಾಫಿನ್ ತಗೊಳ್ಳಿ. ಡಬ್ಲ್ಯುಡಿ-40 ನೀರು ಓಡಿಸೋಕೆ ಒಳ್ಳೇದು, ಆದ್ರೆ ಅದು ಬೇಗ ಆರಿ ಹೋಗ್ತದೆ, ಅದ್ರ ಮೇಲೆ ಎಣ್ಣೆ ಬೇಕೇ ಬೇಕು. ನಮ್ಮ ಕಡೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಅಂತೀವಿ, ಇಲ್ಲಿ ಬೇಡ, 24 ಡಿಗ್ರಿ ಕೆಳಗೆ ಇಳಿದ್ರೆ ಅದು ಹೆಪ್ಪುಗಟ್ತದೆ, ಶಿರಸಿಯ ಡಿಸೆಂಬರ್ ಬೆಳಗಿಗೆ ಕೀಲೇ ಜಾಮ್, ಹಳೇದಾದ್ರೆ ಅಂಟು ಬೇರೆ.

ಚರ್ಮದ ಚೀಲ ಪ್ರೀಮಿಯಂ ಪ್ಯಾಕಲ್ಲಿ ಬಂದ್ರೆ ಖುಷಿಪಡಿ, ಮಳೆಗಾಲದಲ್ಲಿ ಟೂಲನ್ನ ಅದ್ರಲ್ಲಿ ಇಡ್ಬೇಡಿ. ಬೂಸ್ಟು ಹಿಡಿತದೆ, ತೇವ ಹೀರಿ ಬ್ಲೇಡಿಗೆ ಕೊಡ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ, ಅಷ್ಟೇ. ತುಕ್ಕಿನ ಚುಕ್ಕಿ ಬಂದ್ರೆ ಅಡುಗೆ ಸೋಡಾ ನೀರಲ್ಲಿ ಕಲಸಿ ನೈಲಾನ್ ಸ್ಕ್ರಬ್ಬಿಂದ ತಿಕ್ಕಿ, ಪಾತ್ರೆ ತಿಕ್ಕೋ ಕಬ್ಬಿಣದ ತಂತಿಗಂಟು ಮುಟ್ಟಿಸ್ಬೇಡಿ, ಅದ್ರ ಚೂರು ಕೂತು ಅಲ್ಲೇ ಹೊಸ ತುಕ್ಕು ಶುರುವಾಗ್ತದೆ.

ತೋಟದವ್ರಿಗೆ ಒಂದು ಮಾತು. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯೋಕೆ ಮೈಲುತುತ್ತು, ಸುಣ್ಣ ಒಂದೊಂದು ಕೇಜಿ, 100 ಲೀಟರ್ ನೀರು ಸೇರಿಸಿ ಬೋರ್ಡೋ ಮಾಡ್ತೀರಲ್ಲ, ಹದ ನೋಡೋಕೆ ಕತ್ತಿ ಅದ್ದೋದು ಹಳೇ ಪದ್ಧತಿ, ಸುಣ್ಣ ಕಮ್ಮಿ ಇದ್ರೆ ಕತ್ತಿಯ ಬಾಯಿಗೆ ತಾಮ್ರದ ಕೆಂಪು ಕೂತ್ಕೊಳ್ತದೆ. ಮೊನ್ನೆ ದೋಸ್ತ ಅದಕ್ಕೆ ನನ್ನ ಮಲ್ಟಿಟೂಲ್ ಕೇಳ್ದ, ಕೊಡ್ಲಿಲ್ಲ. ಸ್ಟೇನ್‌ಲೆಸ್ ಬ್ಲೇಡಿಗೆ ತಾಮ್ರ ಸರಿಯಾಗಿ ಹಿಡಿಯೋದಿಲ್ಲ, ಸುಣ್ಣ ಕಮ್ಮಿ ಇದ್ರೂ ಸರಿ ಇದೆ ಅನ್ನಿಸಿಬಿಡ್ತದೆ, ಎಳೆ ಕಾಯಿ ಸುಟ್ಟು ಹೋಗ್ತದೆ. ಸೊಂಟದ ಕೊಕ್ಕೆಗೆ ಸಿಕ್ಕಿಸೋ ನಮ್ಮ ಆಚಾರಿ ಮಾಡಿದ ಕಬ್ಬಿಣದ ಕತ್ತಿಯೇ ಅಲ್ಲಿ ಸರಿ.

ಕರೆಂಟ್ ಕೆಲಸಕ್ಕೂ ಬೇಡ. ಹಿಡಿ ಪೂರ್ತಿ ಲೋಹ, ಇನ್ಸುಲೇಷನ್ ಇಲ್ಲ. ಅದಕ್ಕೆ ರಬ್ಬರ್ ಹಿಡಿಯ ಬೇರೆ ಪ್ಲೇಯರ್ ಇಟ್ಕೊಳ್ಳಿ, ಮೇನ್ ಆಫ್ ಮಾಡಿ. ಗೋವಾದಿಂದ್ಲೋ ಹುಬ್ಬಳ್ಳಿಯಿಂದ್ಲೋ ವಿಮಾನ ಹತ್ತೋದಾದ್ರೆ ಟೂಲು ಚೆಕ್-ಇನ್ ಬ್ಯಾಗಲ್ಲಿರ್ಲಿ, ಕೈಚೀಲದಲ್ಲಿದ್ರೆ ಅಲ್ಲೇ ಬಿಟ್ಟು ಹೋಗ್ಬೇಕಾಗ್ತದೆ.

ಧಾರ ಹಾಕೋಕೆ ಸಾಣೆಯವ್ರ ಚಕ್ರಕ್ಕೆ ಕೊಡ್ಬೇಡಿ, ಬ್ಲೇಡ್ ಕಾದು ನೀಲಿ ಬಣ್ಣ ಬಂದ್ರೆ ಹದವೇ ಹೋಯ್ತು. 420 ಎಚ್‌ಸಿಗೆ ಕಲ್ಲು ಸಾಕು, ಮ್ಯಾಗ್ನಾಕಟ್ ಥರದ ಗಟ್ಟಿ ಸ್ಟೀಲಿಗೆ ಡೈಮಂಡ್ ಪ್ಲೇಟ್ ಬೇಕು, ಆ ಖರ್ಚೂ ಲೆಕ್ಕಕ್ಕೆ ಹಿಡಿರಿ. ಸುಮಾರು 20 ಡಿಗ್ರಿ ಓರೆ, ಎರಡೂ ಬದಿ ಸಮ. ಜುಲೈ ಕೊನೇ ವಾರ ಬೋಟು ಇಳಿಸೋಕೆ ಮುಂಚೆ ಒಂದ್ಸಲ ಲಾಕ್ ನೋಡಿ, ತೆರೆದ ಬ್ಲೇಡ್ ಮಡಚಿಕೊಳ್ಳದ ಹಾಗೆ ಹಿಡಿಯೋದು ಅದೇ: ಬ್ಲೇಡ್ ತೆರೆದು, ಬೆನ್ನಿನ ಬದಿಯನ್ನ ಮರದ ತುಂಡಿಗೆ ಮೆಲ್ಲಗೆ ಒತ್ತಿ, ಬ್ಲೇಡ್ ಮಡಚೋ ದಾರಿಯಲ್ಲಿ ಬೆರಳು ಇರಬಾರ್ದು. ಲಾಕ್ ಜಾರಿದ್ರೆ ಮೊದ್ಲು ತೊಳೆದು ಒಣಗಿಸಿ ಇನ್ನೊಮ್ಮೆ ನೋಡಿ, ಆಗ್ಲೂ ಜಾರಿದ್ರೆ ಆ ಬ್ಲೇಡ್ ಮುಟ್ಟಬೇಡಿ, ಬಿಲ್ ಜೊತೆ ವಾರಂಟಿಗೆ ಕಳಿಸಿ.