ಒಣಗಿದ ಕಡ್ಡಿ ಕೀಳಬೇಡಿ: ಜಂಬಿಟ್ಟಿಗೆ ನೆಲದಲ್ಲಿ ಮತ್ತಿ, ಹೊನ್ನೆ

ಸೊರಬದ ಕಡೆಯ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗುಡ್ಡದಲ್ಲಿ ಟ್ಯಾಂಕರ್ ನೀರಿಲ್ಲದೆ ಮತ್ತಿ, ಹೊನ್ನೆಯಂಥ ಕಾಡುಮರ ಏಳಲ್ಲ ಅಂದವರೇ ಎಲ್ಲ. ಈಗ 2 ಎಕರೆಯಲ್ಲಿ ಬೀಜ ಬಿತ್ತಿ ಎಬ್ಬಿಸಿದ 250ರ ಹತ್ತಿರ ಗಿಡ ಆಳೆತ್ತರ ದಾಟಿವೆ. ಇವಕ್ಕೆ ಬೇಸಿಗೆಯಲ್ಲಿ ಒಂದು ಕೊಡ ನೀರೂ ಹಾಕಿಲ್ಲ.

ಮೊದಲು ಹಾಕಿದ್ದು ನರ್ಸರಿಯ ಪ್ಯಾಕೆಟ್ ಗಿಡ, 400. ಗುಂಡಿ, ಕೂಲಿ ಸೇರಿ ಗಿಡಕ್ಕೆ 30 ರೂಪಾಯಿ ಆಸುಪಾಸು, ಟ್ಯಾಂಕರಿಗೆ ಬೇರೆ 10 ಸಾವಿರ. ಎರಡನೇ ಬೇಸಿಗೆ ಕಳೆದಾಗ ಉಳಿದದ್ದು 50ವೋ 60ವೋ. ಸತ್ತವನ್ನು ಕಿತ್ತರೆ ತಾಯಿಬೇರು ಸಿಂಬಿಯ ಹಾಗೆ ಸುತ್ತಿಕೊಂಡಿತ್ತು. ನೀರು ಹಾಕಿದ್ದೂ ಕೆಡುಕೇ ಆಯಿತು. ಎಲೆ ಉದುರಿಸಿ ಸುಮ್ಮನಿರಬೇಕಾದ ಗಿಡ ಮಾರ್ಚಿನಲ್ಲೇ ಚಿಗುರಿತು; ಟ್ಯಾಂಕರ್ ಒಂದು ವಾರ ತಪ್ಪಿದ್ದೇ ತಡ, ಚಿಗುರು ಕರಕಲು.

ಆಮೇಲೆ ನೇರ ಬಿತ್ತನೆ. ಹೊನ್ನೆ ಕಾಯಿಯ ಅಂಚು ಕತ್ತರಿಸಿ, ಮತ್ತಿಯನ್ನು ಹಾಗೇ, ಎರಡು ದಿನ ನೆನೆಸಬೇಕು. ನೆನೆಸುವ ನೀರಿಗೆ ಇನ್ನೊಂದು ಬೀಳುತ್ತದೆ, ಇರುವೆ ಮುಟ್ಟದ ಹಾಗೆ. ಅದು ನನ್ನ ಹತ್ತಿರವೇ ಇರಲಿ. ಮೃಗಶಿರಾ ಮಳೆ ಹಿಡಿದ ಮೇಲೆ ಹಾರೆಯಲ್ಲಿ ಜಂಬಿಟ್ಟಿಗೆಯ ಬಿರುಕು ಹುಡುಕಿ ಒಂದೊಂದು ಗುಳಿಯಲ್ಲಿ 4 ಬೀಜ. ಮತ್ತಿ ಅರ್ಧಕ್ಕರ್ಧ ಹುಟ್ಟಿದರೆ ಪುಣ್ಯ. ಸುತ್ತಲ ಹುಲ್ಲು ಕೊಯ್ದರೆ ಸಾಕು, ಅಗೆಯಬೇಡಿ.

ಫೆಬ್ರವರಿಗೆ ಎಲ್ಲ ಕಡ್ಡಿ. ಇಲ್ಲೇ ಜನ ಕಿತ್ತು ಹಾಕುವುದು. ಬುಡದ ಮಣ್ಣು ಒಂದು ಬೆರಳು ಸರಿಸಿ ಉಗುರಿನಲ್ಲಿ ಕೆರೆಯಿರಿ. ತೊಗಟೆಯಡಿ ಹಸಿರಿದ್ದರೆ ಜೀವ ಇದೆ. ವರ್ಷ ತುಂಬಿದ ಒಂದು ಮತ್ತಿಯನ್ನು ಅಗೆದು ನೋಡಿದೆ: ಮೇಲೆ ಒಂದು ಗೇಣು, ಕೆಳಗೆ ಎರಡು ಮೊಳ ಅಗೆದರೂ ಬೇರಿನ ತುದಿ ಸಿಗಲಿಲ್ಲ, ಬಿರುಕಿನೊಳಗೆ ತುಂಡಾಯಿತು. ಮೊದಲ ವರ್ಷಗಳ ದುಡಿಮೆಯೆಲ್ಲ ಬೇರಿಗೇ.

ಕಾದ ಜಂಬಿಟ್ಟಿಗೆ ಬುಡ ಸುಡುತ್ತದೆ ಅಂತ ಪಡುವಣಕ್ಕೆ ಕಲ್ಲು ನಿಲ್ಲಿಸಿ ನೋಡಿದೆ. ತಾಗಿಸಿಟ್ಟಲ್ಲಿ ಕಲ್ಲೇ ಕಾದು ತೊಗಟೆ ಬೆಂದಿತು; ಒಂದು ಗೇಣು ದೂರ ಇಟ್ಟಲ್ಲಿ ಪರವಾಗಿಲ್ಲ. ದರಕು (ಒಣ ಎಲೆ) ಮುಚ್ಚಿದ್ದು ಗೆದ್ದಲಿಗೆ ಊಟವಾಯಿತು.

ಮೂರನೇ ಬೇಸಿಗೆ, ಭರಣಿ ಮಳೆ ಬಿದ್ದ ಮೇಲೆ, ಬೇರಿನ ಬಲದಲ್ಲಿ ಹೊಸ ಚಿಗುರು ಏಳಲಿ ಅಂತ, ಬುಡ ಹೆಬ್ಬೆರಳು ದಪ್ಪ ಆದವನ್ನು ಮಾತ್ರ ನೆಲದಿಂದ ಒಂದು ಬೆರಳು ಬಿಟ್ಟು ಓರೆಯಾಗಿ ಕತ್ತರಿಸಿದೆ. ಸಣ್ಣವನ್ನು ಕತ್ತರಿಸಿದರೆ ಬೇರು ಸೋಲುತ್ತದೆ, ಹಾಗೆ 30 ಗಿಡ ಕಳೆದುಕೊಂಡೆ. ಐದಾರು ಚಿಗುರು ಬರುತ್ತವೆ. ಆಗಸ್ಟಿನಲ್ಲಿ ತೀರಾ ಕೆಳಗಿನಿಂದ ಎದ್ದ ಒಂದನ್ನು ಉಳಿಸಿ ಬೇರೆಲ್ಲ ಚಿವುಟಬೇಕು. ಅದೇ ಮಳೆಗಾಲದಲ್ಲಿ ಸೊಂಟದೆತ್ತರ.

ನಾಲ್ಕನೇ ಬೇಸಿಗೆ ಒಂದು ಮೂಲೆಗೆ ಬೆಂಕಿ ಬಿತ್ತು. ಬಿತ್ತಿದ 40ರಲ್ಲಿ 35 ಬುಡದಿಂದ ಮತ್ತೆ ಎದ್ದವು. ಪಕ್ಕದಲ್ಲಿದ್ದ ಹಳೇ ಪ್ಯಾಕೆಟ್ ಗಿಡ 12, ಎದ್ದದ್ದು ಒಂದು.